ಅಮ್ಮನ 'ಉಷ್ಣ'ಕ್ಕೊಂದು ಹೆಸರಿದೆ

ನಮ್ಮ ಮನೆಗಳಲ್ಲಿ 'ಉಷ್ಣ' ಅನ್ನೋ ಪದದಷ್ಟು ಓವರ್‌ಟೈಮ್ ಮಾಡೋ ಪದ ಇನ್ನೊಂದಿಲ್ಲ. ಬಾಯಲ್ಲಿ ಹುಣ್ಣಾದ್ರೆ ಉಷ್ಣ. ಕಣ್ಣು ಉರಿದ್ರೆ ಉಷ್ಣ. ಪಪ್ಪಾಯ ತಿಂದ್ರೆ ಉಷ್ಣ. ನಲವತ್ತೈದು ದಾಟಿದ ಅಮ್ಮ ಡಿಸೆಂಬರ್ ಚಳಿಯಲ್ಲಿ ಮಧ್ಯರಾತ್ರಿ ಎದ್ದು ಫ್ಯಾನ್ ಹಾಕ್ಕೊಂಡು ಕೂತ್ರೆ ಅದೂ ಉಷ್ಣವೇ. ಮಾರನೇ ದಿನ ನೆತ್ತಿಗೆ ಹರಳೆಣ್ಣೆ, ಬೆಳಗ್ಗೆ ನೆನೆಸಿದ ಮೆಂತ್ಯೆ, ಮಧ್ಯಾಹ್ನಕ್ಕೊಂದು ಎಳನೀರು. ಅಲ್ಲಿಗೆ ವಿಷಯ ಮುಗೀತು.

ಹರಳೆಣ್ಣೆ, ಎಳನೀರಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆ 'ಮುಗೀತು' ಅನ್ನೋದ್ರ ಬಗ್ಗೆ ಇದೆ. ಬಹಳ ಸಲ ವಿಷಯ ಆಗಷ್ಟೇ ಶುರುವಾಗಿರುತ್ತೆ. ಅದರ ಹೆಸರು ಮೆನೋಪಾಸ್. ಪಠ್ಯಪುಸ್ತಕದ ಕನ್ನಡದಲ್ಲಿ ಋತುಬಂಧ, ಅಮ್ಮಂದಿರ ಕನ್ನಡದಲ್ಲಿ 'ಮುಟ್ಟು ನಿಲ್ಲೋದು'.

ಇದು ಅಮ್ಮಂದಿರ ವಿಷಯ, ನಮಗ್ಯಾಕೆ ಅನ್ನಬೇಡಿ. ಲೆಕ್ಕ ಹಾಕಿ. ನಿಮಗೆ ಇಪ್ಪತ್ತೈದರಿಂದ ಮೂವತ್ತೈದು ಅಂದ್ರೆ ಅಮ್ಮನಿಗೆ ಹೆಚ್ಚುಕಡಿಮೆ ನಲವತ್ತೈದರಿಂದ ಅರವತ್ತು. ಅವರು ಈಗ ಇದರ ಒಳಗಿದ್ದಾರೆ, ಇಲ್ಲಾ ಈಗಷ್ಟೇ ದಾಟಿದ್ದಾರೆ. ಆಫೀಸಲ್ಲಿ ನಿಮ್ಮ ಸೀನಿಯರ್ ಮ್ಯಾನೇಜರ್, ಊರಲ್ಲಿ ಚಿಕ್ಕಮ್ಮ, ನಿಮ್ಮ ಅಪಾರ್ಟ್‌ಮೆಂಟಲ್ಲಿ ಮನೆಗೆಲಸಕ್ಕೆ ಬರೋ ಅಕ್ಕ, ಎಲ್ಲರೂ ಇದೇ ವಯಸ್ಸಿನವರು. ಆಸ್ಪತ್ರೆಗೆ ಅಪಾಯಿಂಟ್‌ಮೆಂಟ್ ತಗೊಳ್ಳೋದು, ರಿಪೋರ್ಟ್ ಓದೋದು, ಮಾತ್ರೆ ಗೂಗಲ್ ಮಾಡೋದು, ಬಿಲ್ ಕಟ್ಟೋದು ಎಲ್ಲಾ ಈಗ ನಮ್ಮ ಕೈಗೆ ಬಂದಿದೆ. ಹಾಗಿದ್ದಾಗ ಇದೇನು ಅಂತ ತಿಳ್ಕೊಳ್ಳೋದೂ ನಮ್ಮ ಪಾಲಿಗೇ ಬರುತ್ತೆ.

ನಿಜಕ್ಕೂ ಏನಾಗುತ್ತೆ?

ಹೆಣ್ಣುಮಗು ಹುಟ್ಟುವಾಗಲೇ ಅಂಡಾಶಯದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳ ದಾಸ್ತಾನು ಇರುತ್ತೆ. ಹೊಸದಾಗಿ ಸ್ಟಾಕ್ ಬರಲ್ಲ. ಮೈನೆರೆಯೋ ಹೊತ್ತಿಗೆ ಅದು ಮೂರ್ನಾಲ್ಕು ಲಕ್ಷಕ್ಕೆ ಇಳಿದಿರುತ್ತೆ. ತಿಂಗಳು ತಿಂಗಳು ಬಿಡುಗಡೆ ಆಗೋದು ಇಡೀ ಬದುಕಲ್ಲಿ ಸುಮಾರು 400 ಮಾತ್ರ, ಉಳಿದವು ತಾವಾಗೇ ಕರಗಿಹೋಗ್ತವೆ. ದಾಸ್ತಾನು ತಳ ಕಂಡಾಗ ಅಂಡಾಶಯ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನ ಮೊದಲಿನ ಹಾಗೆ ಮಾಡಲ್ಲ. ಮುಟ್ಟು ನಿಲ್ಲುತ್ತೆ.

ಸತತ 12 ತಿಂಗಳು ಮುಟ್ಟಾಗದೇ ಇದ್ರೆ ಅದನ್ನ ಮೆನೋಪಾಸ್ ಅಂತಾರೆ. ಅಂದ್ರೆ ಅದು ಆಗಿದೆ ಅಂತ ಗೊತ್ತಾಗೋದೇ ಆಗಿ ಒಂದು ವರ್ಷ ಆದ್ಮೇಲೆ. ಪಾಶ್ಚಾತ್ಯ ದೇಶಗಳಲ್ಲಿ ಇದರ ಸರಾಸರಿ ವಯಸ್ಸು ಸುಮಾರು 51. ಭಾರತದಲ್ಲಿ 46-47. ನಮ್ಮ ಹೆಣ್ಣುಮಕ್ಕಳಿಗೆ ಇದು ನಾಲ್ಕೈದು ವರ್ಷ ಮೊದಲೇ ಬರುತ್ತೆ. ನಲವತ್ತೈದಕ್ಕೂ ಮುಂಚೆ ಬಂದ್ರೆ 'ಬೇಗ', ನಲವತ್ತಕ್ಕೂ ಮುಂಚೆ ಬಂದ್ರೆ 'ಅಕಾಲಿಕ'. ಅಕಾಲಿಕ ಆದ್ರೆ ಡಾಕ್ಟರನ್ನ ನೋಡ್ಲೇಬೇಕು, ಕಾದು ನೋಡೋ ಮಾತೇ ಇಲ್ಲ.

ಆದರೆ ಕಷ್ಟದ ಕಾಲ ಅಂದ್ರೆ ಮುಟ್ಟು ನಿಲ್ಲೋದಕ್ಕಿಂತ ಮುಂಚಿನ ಕೆಲವು ವರ್ಷ. ಇದನ್ನ ಪೆರಿಮೆನೋಪಾಸ್ ಅಂತಾರೆ. ಹಾರ್ಮೋನು ಇಳಿಜಾರಲ್ಲಿ ನೀಟಾಗಿ ಇಳಿಯಲ್ಲ. ನಮ್ಮೂರಿನ ವೋಲ್ಟೇಜ್ ಇದ್ದ ಹಾಗೆ, ಒಂದು ವಾರ ಹೈ, ಮುಂದಿನ ವಾರ ಲೋ. ಎರಡು ತಿಂಗಳು ಮುಟ್ಟೇ ಇಲ್ಲ, ಮೂರನೇ ತಿಂಗಳು ಹದಿನೈದು ದಿನಕ್ಕೆ ಎರಡು ಸಲ. ಹಾಗಾಗಿ ನಲವತ್ತೈದು ದಾಟಿದವರಿಗೆ ಎಫ್‌ಎಸ್‌ಎಚ್ ಅಂತ ಒಂದೇ ಒಂದು ರಕ್ತಪರೀಕ್ಷೆ ಮಾಡಿಸಿ 'ಮೆನೋಪಾಸ್ ಹೌದು, ಅಲ್ಲ' ಅಂತ ತೀರ್ಮಾನ ಮಾಡೋಕಾಗಲ್ಲ. ಇವತ್ತಿನ ರಿಪೋರ್ಟ್ ಬೇರೆ, ಬರೋ ತಿಂಗಳ ರಿಪೋರ್ಟ್ ಬೇರೆ. ವಯಸ್ಸು, ಮುಟ್ಟಿನ ಲೆಕ್ಕ, ಲಕ್ಷಣ ಇಷ್ಟು ಸಾಕು.

ಇನ್ನೊಂದು ಮಾತು. ಈ ಏರುಪೇರಿನ ಕಾಲದಲ್ಲಿ ಗರ್ಭ ನಿಲ್ಲೋ ಸಾಧ್ಯತೆ ಕಡಿಮೆ, ಆದ್ರೆ ಸೊನ್ನೆ ಅಲ್ಲ. ಐವತ್ತಕ್ಕಿಂತ ಮೊದಲು ಮುಟ್ಟು ನಿಂತ್ರೆ ಎರಡು ವರ್ಷ, ಐವತ್ತರ ನಂತರ ನಿಂತ್ರೆ ಒಂದು ವರ್ಷ ಗರ್ಭನಿರೋಧಕ ಬಿಡಬೇಡಿ ಅಂತ ವೈದ್ಯರು ಹೇಳೋದು ಇದಕ್ಕೇ.

ಥರ್ಮೋಸ್ಟಾಟ್ ಕೈಕೊಟ್ಟಾಗ

ಎಂಜಿನಿಯರಿಂಗ್ ಓದಿದವನಿಗೆ ಹಾಟ್ ಫ್ಲಾಶ್ ಅರ್ಥ ಮಾಡ್ಕೊಳ್ಳೋಕೆ ಎಸಿ ನೆನಪಾದ್ರೆ ಸಾಕು. ಎಸಿಗೆ 24 ಡಿಗ್ರಿ ಸೆಟ್ ಮಾಡಿದ್ರೆ ಅದು ಅರ್ಧ, ಒಂದು ಡಿಗ್ರಿ ಆಚೀಚೆ ಆದ್ರೂ ಸುಮ್ಮನಿರುತ್ತೆ. ಆ ಸಹನೆ ಇಲ್ಲದಿದ್ರೆ ನಿಮಿಷಕ್ಕೊಂದು ಸಲ ಆನ್-ಆಫ್ ಆಗಿ ಕೆಟ್ಟುಹೋಗುತ್ತೆ. ನಮ್ಮ ಮೆದುಳಲ್ಲಿ ಹೈಪೋಥಲಾಮಸ್ ಅನ್ನೋ ಭಾಗ ಮೈಶಾಖವನ್ನ ಹೀಗೇ ನೋಡ್ಕೊಳ್ಳುತ್ತೆ. ಈಸ್ಟ್ರೋಜನ್ ಇಳಿದಾಗ ಅದರ ಸಹನೆಯ ಪಟ್ಟಿ ಕಿರಿದಾಗುತ್ತೆ. ಒಂದು ಲೋಟ ಬಿಸಿ ಕಾಫಿ, ಒಗ್ಗರಣೆಯ ಕಾವು, ಸ್ವಲ್ಪ ಟೆನ್ಷನ್ ಆದ್ರೂ ಸಾಕು, ಮೆದುಳು 'ಮೈ ಕಾದುಹೋಯ್ತು' ಅಂತ ಅಲಾರಂ ಹೊಡೆಯುತ್ತೆ. ಚರ್ಮದ ರಕ್ತನಾಳ ಹಿಗ್ಗುತ್ತೆ, ಎದೆ, ಕತ್ತು, ಮುಖಕ್ಕೆ ಕಾವು ಏರುತ್ತೆ, ಬೆವರು ಸುರಿಯುತ್ತೆ, ಎದೆ ಹೊಡ್ಕೊಳ್ಳುತ್ತೆ. ಸಾಮಾನ್ಯವಾಗಿ ಒಂದರಿಂದ ಐದು ನಿಮಿಷ. ಆಮೇಲೆ ಒದ್ದೆ ಬಟ್ಟೆಯಲ್ಲಿ ಚಳಿ.

'ಸ್ವಲ್ಪ ದಿನ ಇರುತ್ತೆ, ಹೋಗುತ್ತೆ' ಅಂತಾರಲ್ಲ, ಆ ಸ್ವಲ್ಪ ದಿನ ಎಷ್ಟು? ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನ ವರ್ಷಗಟ್ಟಲೆ ಗಮನಿಸಿದ 'ಸ್ವಾನ್' ಅಧ್ಯಯನದಲ್ಲಿ, ಪದೇ ಪದೇ ಹಾಟ್ ಫ್ಲಾಶ್ ಬರ್ತಿದ್ದವರಿಗೆ ಅದು ಇದ್ದ ಅವಧಿಯ ಮಧ್ಯಾಂಕ 7.4 ವರ್ಷ. ಎಲ್ಲರಿಗೂ ಅಷ್ಟು ಇರಲ್ಲ, ಕೆಲವರಿಗೆ ಬರೋದೇ ಇಲ್ಲ. ಆದ್ರೆ ಬಂದವರಿಗೆ ಅದು ಒಂದು ವಾರದ ಜ್ವರದ ಥರ ಅಲ್ಲ.

ನನ್ನ ಅಮ್ಮ ಅರಸೀಕೆರೆ ಕಡೆಯ ಪ್ರೈಮರಿ ಸ್ಕೂಲ್ ಟೀಚರ್. ಶೀಟ್ ಹೊದಿಸಿದ ರೂಮು, ಮೂವತ್ತು ಮಕ್ಕಳು. ಬೋರ್ಡ್ ಮೇಲೆ ಬರೀತಾ ಇದ್ದಾಗ ಕಾವು ಏರಿದ್ರೆ ಮಕ್ಕಳಿಗೆ ಬೆನ್ನು ಹಾಕಿ ಸೆರಗಲ್ಲಿ ಮುಖ ಒರೆಸ್ಕೊಂಡು ಹಾಗೇ ನಿಂತಿರ್ತಾರಂತೆ, ಕಡಿಮೆ ಆಗೋವರೆಗೂ. ಎಸಿ ಆಫೀಸಲ್ಲಿ ಕೂತವರಿಗೆ ಎದ್ದು ಹೋಗೋ ಸೌಕರ್ಯವಾದ್ರೂ ಇದೆ. ಗಾರ್ಮೆಂಟ್ ಫ್ಯಾಕ್ಟರಿ ಲೈನಲ್ಲಿ, ಬಸ್ ಕಂಡಕ್ಟರ್ ಸೀಟಲ್ಲಿ, ಬಿಸಿಯೂಟದ ಅಡುಗೆಮನೆಯಲ್ಲಿ ಇರೋರು ಎಲ್ಲಿಗೆ ಎದ್ದು ಹೋಗ್ತಾರೆ? 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ನಮ್ಮ ಆಫೀಸ್ ಗ್ರೂಪುಗಳಲ್ಲಿ ಭಾರೀ ಚರ್ಚೆ ಆಯ್ತು. ಮುಟ್ಟು ನಿಲ್ಲೋ ಕಾಲದ ಬಗ್ಗೆ ಆ ಚರ್ಚೆಯಲ್ಲಿ ಒಂದು ಮೆಸೇಜೂ ಕಾಣಿಸಲಿಲ್ಲ.

ಬರೀ ಬೆವರಲ್ಲ

ಈಸ್ಟ್ರೋಜನ್ ಮೈಯಲ್ಲಿ ಎಲ್ಲೆಲ್ಲಿ ಕೆಲಸ ಮಾಡುತ್ತೋ ಅಲ್ಲೆಲ್ಲಾ ಅದರ ಗೈರುಹಾಜರಿ ಗೊತ್ತಾಗುತ್ತೆ. ನಿದ್ದೆ ಮೂರು ಗಂಟೆಗೆ ಮುರಿಯೋದು. ಬೆರಳು, ಮಂಡಿ ಹಿಡ್ಕೊಳ್ಳೋದು. ಪಾಸ್‌ಬುಕ್ ಎಲ್ಲಿಟ್ಟೆ ಅಂತ ಮರೆಯೋದು. ಹೊಟ್ಟೆ ಸುತ್ತ ಬೊಜ್ಜು. ಚರ್ಮ, ಕಣ್ಣು ಒಣಗೋದು. ಸಣ್ಣ ಮಾತಿಗೆ ಸಿಟ್ಟು, ಯಾವುದಕ್ಕೂ ಇಲ್ಲದ ಅಳು. ಇದರಲ್ಲಿ ಮರೆವಿನ ಬಗ್ಗೆ ಅಮ್ಮಂದಿರು ತುಂಬಾ ಹೆದರ್ತಾರೆ, 'ಅಜ್ಜಿಗೆ ಆದ ಹಾಗೆ ನನಗೂ ಅರುಳು-ಮರುಳು ಶುರುವಾಯ್ತಾ' ಅಂತ. ಈ ಕಾಲದ ಮಬ್ಬು ಬಹುತೇಕರಲ್ಲಿ ತಾತ್ಕಾಲಿಕ. ಅದನ್ನ ಹೇಳಿದ್ರೇನೇ ಅರ್ಧ ಭಾರ ಇಳಿಯುತ್ತೆ.

ಯಾರೂ ಹೇಳದ ಇನ್ನೊಂದು ಪಟ್ಟಿ ಇದೆ. ಕೆಮ್ಮಿದ್ರೆ, ನಕ್ಕರೆ ಮೂತ್ರ ಜಾರೋದು. ವರ್ಷಕ್ಕೆ ಮೂರ್ನಾಲ್ಕು ಸಲ ಉರಿಮೂತ್ರ. ಯೋನಿ ಒಣಗಿ ನವೆ, ಉರಿ, ಗಂಡನ ಜೊತೆ ಸೇರಿದಾಗ ನೋವು. ಹಾಟ್ ಫ್ಲಾಶ್ ಕಾಲ ಕಳೆದಂತೆ ಕಡಿಮೆ ಆಗಬಹುದು, ಇವು ಚಿಕಿತ್ಸೆ ಇಲ್ಲದೆ ಸಾಮಾನ್ಯವಾಗಿ ಕಡಿಮೆ ಆಗಲ್ಲ, ಹೆಚ್ಚಾಗ್ತಾ ಹೋಗ್ತವೆ. ಮಜಾ ಏನಂದ್ರೆ ಇವುಕ್ಕೆ ಚಿಕಿತ್ಸೆ ಸುಲಭ. ಆ ಜಾಗಕ್ಕಷ್ಟೇ ಹಚ್ಚೋ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಇದೆ, ಅದು ರಕ್ತಕ್ಕೆ ಸೇರೋದು ತೀರಾ ಕಡಿಮೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ವ್ಯಾಯಾಮ ಇದೆ. ಕೇಳೋಕೆ ನಾಚಿಕೆ ಅನ್ನೋ ಒಂದೇ ಕಾರಣಕ್ಕೆ ನಮ್ಮ ಹೆಣ್ಣುಮಕ್ಕಳು ಇಪ್ಪತ್ತು ವರ್ಷ ಮೂರು ದಿನಕ್ಕೊಂದು ಬಾರ್ಲಿ ನೀರು ಕುಡ್ಕೊಂಡು ಕಳೀತಾರೆ.

ಎಲ್ಲವನ್ನೂ ಮೆನೋಪಾಸ್ ತಲೆಗೆ ಕಟ್ಟೋದೂ ತಪ್ಪು. ಸುಸ್ತು, ತೂಕ, ಕೂದಲು ಉದುರೋದು, ಮುಟ್ಟಿನ ಏರುಪೇರು ಥೈರಾಯ್ಡ್‌ನಿಂದಲೂ ಆಗಬಹುದು, ರಕ್ತಹೀನತೆಯಿಂದಲೂ ಆಗಬಹುದು. ಟಿಎಸ್‌ಎಚ್, ಹಿಮೋಗ್ಲೋಬಿನ್, ಶುಗರ್, ವಿಟಮಿನ್ ಬಿ12 ನೋಡಿಸಿದ್ರೆ ಸುಮಾರು ಸಂಶಯ ಬಗೆಹರಿಯುತ್ತೆ. ಬೇಸರ ಎರಡು ವಾರ ದಾಟಿ ಊಟ, ನಿದ್ದೆ, ಮಾತು ಎಲ್ಲಾ ಬಿಟ್ಟುಹೋಗ್ತಿದ್ರೆ ಅದು 'ವಯಸ್ಸಿನ ಸಹಜ' ಅಲ್ಲ, ಖಿನ್ನತೆ ಇರಬಹುದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

'ಗರ್ಭಕೋಶ ತೆಗೆಸಿಬಿಡಿ'

ಈ ಅಂಕಣದಲ್ಲಿ ಒಂದೇ ಒಂದು ಭಾಗ ಓದೋದಾದ್ರೆ ಇದನ್ನ ಓದಿ.

ನಮ್ಮ ಚಿಕ್ಕಮ್ಮನಿಗೆ 46. ಕಳೆದ ವರ್ಷ ಏಳೆಂಟು ತಿಂಗಳು ಮುಟ್ಟು ಹತ್ತು-ಹನ್ನೆರಡು ದಿನ ಹೋಗ್ತಿತ್ತು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಹತ್ತಿರದ ಒಂದು ನರ್ಸಿಂಗ್ ಹೋಮಲ್ಲಿ ಒಂದು ಸ್ಕ್ಯಾನ್ ಮಾಡಿ, 'ಸಣ್ಣ ಗಡ್ಡೆ ಇದೆ, ಮುಂದೆ ಕ್ಯಾನ್ಸರ್ ಆಗಬಹುದು, ಮಕ್ಕಳಾಗಿವೆಯಲ್ಲ, ಗರ್ಭಕೋಶ, ಅಂಡಾಶಯ ಎರಡೂ ತೆಗೆದುಬಿಡೋಣ, ಸೋಮವಾರ ಬನ್ನಿ' ಅಂದ್ರು. ಹತ್ತು ನಿಮಿಷದ ಮಾತುಕತೆ. ಮನೆಯಲ್ಲಿ ಎಲ್ಲರೂ ಒಪ್ಪಿದ್ದರು. ಓಣಿಯಲ್ಲಿ ನಾಲ್ಕು ಜನ ತೆಗೆಸ್ಕೊಂಡವರಿದ್ದಾರೆ, ಇದೇನು ಹೊಸದಾ?

ಚಿಕ್ಕಮ್ಮನ ಮಗಳು ಒಂದೇ ಹಠ ಹಿಡಿದಳು, ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಅಂತ. ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಅಲ್ಲಿ ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ನಲವತ್ತೈದು ದಾಟಿದವರಿಗೆ ಅಸಹಜ ರಕ್ತಸ್ರಾವ ಇದ್ರೆ ಮೊದಲು ಮಾಡಬೇಕಾದ್ದು ಅದೇ. ರಿಪೋರ್ಟ್ ನಾರ್ಮಲ್. ಕಬ್ಬಿಣದ ಚಿಕಿತ್ಸೆ ಕೊಟ್ಟು, ಗರ್ಭಕೋಶದ ಒಳಗೆ ಹಾರ್ಮೋನ್ ಬಿಡೋ ಸಣ್ಣ ಸಾಧನ ಹಾಕಿದರು. ಕಾಪರ್-ಟಿ ಥರಾನೇ ಕಾಣುತ್ತೆ, ಕೆಲಸ ಬೇರೆ, ಒಳಪದರ ತೆಳುವಾಗಿ ರಕ್ತಸ್ರಾವ ಕಡಿಮೆ ಆಗುತ್ತೆ. ಮೊದಲ ಮೂರ್ನಾಲ್ಕು ತಿಂಗಳು ಆಗಾಗ ಕಲೆ ಕಾಣ್ತಿತ್ತು, ಈಗ ಹೆಚ್ಚುಕಡಿಮೆ ನಿಂತಿದೆ. ಆಪರೇಷನ್ ಆಗಲಿಲ್ಲ.

ಗರ್ಭಕೋಶ ತೆಗೆಯೋದು ಯಾವಾಗಲೂ ತಪ್ಪು ಅಂತಲ್ಲ. ಕ್ಯಾನ್ಸರ್, ದೊಡ್ಡ ಗಡ್ಡೆಗಳು, ಬೇರೆ ಯಾವುದಕ್ಕೂ ಬಗ್ಗದ ರಕ್ತಸ್ರಾವ, ಗರ್ಭಕೋಶ ಜಾರಿರೋದು, ಇಂಥದ್ದಕ್ಕೆ ಅದು ಬೇಕಾಗುತ್ತೆ, ಜೀವ ಉಳಿಸುತ್ತೆ. ಪ್ರಶ್ನೆ ಇರೋದು ಮೊದಲ ಉತ್ತರವೇ ಅದಾಗಬೇಕಾ ಅನ್ನೋದು. ಅಂಡಾಶಯವನ್ನೂ ತೆಗೆದ್ರೆ ವರ್ಷಗಟ್ಟಲೆ ನಿಧಾನಕ್ಕೆ ಆಗಬೇಕಾದ ಮೆನೋಪಾಸ್ ಒಂದೇ ದಿನದಲ್ಲಿ ಬಂದು ಬೀಳುತ್ತೆ. ಮೂವತ್ತೈದು, ನಲವತ್ತಕ್ಕೆ ಹೀಗಾದ್ರೆ ಮೂಳೆಗೂ ಹೃದಯಕ್ಕೂ ಪೆಟ್ಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ನೂರರಲ್ಲಿ ಸುಮಾರು ಮೂವರು ಮಹಿಳೆಯರಿಗೆ ಗರ್ಭಕೋಶ ತೆಗೆಯಲಾಗಿದೆ, ಆಂಧ್ರ, ತೆಲಂಗಾಣದಲ್ಲಿ ಇದು ಇನ್ನೂ ಹೆಚ್ಚು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯೋ ಹೆಣ್ಣುಮಕ್ಕಳ ಸುದ್ದಿ, ನಮ್ಮ ಕಲಬುರಗಿಯ ಲಂಬಾಣಿ ತಾಂಡಾಗಳ ಸುದ್ದಿ ನೀವೂ ಓದಿರಬಹುದು. ಅನಗತ್ಯ ಆಪರೇಷನ್ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಬೇಕಾಯ್ತು.

ಹಾಗಾಗಿ ಮೂರು ಪ್ರಶ್ನೆ ಫೋನಲ್ಲಿ ಬರೆದಿಟ್ಕೊಳ್ಳಿ. ಬಯಾಪ್ಸಿ ಆಗಿದೆಯಾ? ಮಾತ್ರೆ ಅಥವಾ ಸಾಧನದಿಂದ ಪ್ರಯತ್ನ ಮಾಡಬಹುದಾ? ಅಂಡಾಶಯ ಯಾಕೆ ತೆಗೀಬೇಕು, ಉಳಿಸಬಹುದಾ? ಒಳ್ಳೆ ಡಾಕ್ಟರ್ ಈ ಪ್ರಶ್ನೆಗೆ ಸಿಟ್ಟಾಗಲ್ಲ.

ಇನ್ನೊಂದು ತುದಿಯಲ್ಲಿ ಇರೋದು ಇದಕ್ಕಿಂತ ಮುಖ್ಯ. ಮುಟ್ಟು ನಿಂತು ಒಂದು ವರ್ಷ ಆದ್ಮೇಲೆ ಮತ್ತೆ ರಕ್ತ ಕಂಡ್ರೆ, ಒಂದೇ ಒಂದು ಹನಿ ಆದ್ರೂ ಸರಿ, ಅದು ಮುಟ್ಟಲ್ಲ. 'ಮತ್ತೆ ಶುರುವಾಯ್ತು ನೋಡು' ಅಂತ ನಕ್ಕು ಬಿಡೋದಲ್ಲ. ಹೆಚ್ಚಿನ ಸಲ ಕಾರಣ ಸಣ್ಣದೇ ಇರುತ್ತೆ. ಆದ್ರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ತನ್ನ ಮೊದಲ ಸುಳಿವು ಕೊಡೋದು ಹೀಗೇ, ಬೇಗ ಗೊತ್ತಾದ್ರೆ ಗುಣ ಆಗೋ ಸಾಧ್ಯತೆ ಚೆನ್ನಾಗಿರುತ್ತೆ. ಅದೇ ವಾರ ಡಾಕ್ಟರ ಹತ್ರ ಹೋಗಬೇಕು.

ಮೂಳೆ ಮತ್ತು ಹೃದಯ: ಸದ್ದಿಲ್ಲದ ಬದಲಾವಣೆ

ಬೆವರು ಕಾಣುತ್ತೆ, ಮೂಳೆ ಸವೆಯೋದು ಕಾಣಲ್ಲ. ಮೆನೋಪಾಸ್ ಆದ ಮೊದಲ ಐದು ವರ್ಷದಲ್ಲೇ ಕೆಲವರು ನೂರಕ್ಕೆ ಹತ್ತರಷ್ಟು ಮೂಳೆ ಸಾಂದ್ರತೆ ಕಳ್ಕೊಳ್ತಾರೆ. ಗೊತ್ತಾಗೋದು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದಾಗ, ಇಲ್ಲಾ ಸೊಂಟ ಮುರಿದಾಗ. ಡೆಕ್ಸಾ ಅನ್ನೋ ಸ್ಕ್ಯಾನಲ್ಲಿ ಟಿ-ಸ್ಕೋರ್ ನೋಡ್ತಾರೆ. ಮೈನಸ್ 1ರವರೆಗೆ ನಾರ್ಮಲ್, ಮೈನಸ್ 1ರಿಂದ 2.5ರ ನಡುವೆ ಇದ್ರೆ ಸವೆತ ಶುರುವಾಗಿದೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಆಸ್ಟಿಯೋಪೊರೋಸಿಸ್. ಬೇಗ ಮುಟ್ಟು ನಿಂತವರು, ಸಣ್ಣಪುಟ್ಟದಕ್ಕೆ ಮೂಳೆ ಮುರಿದವರು, ಬಹಳ ಕಾಲ ಸ್ಟೀರಾಯ್ಡ್ ತಗೊಂಡವರು ಇದನ್ನ ಮುಂದೂಡಬಾರದು.

ಊಟದ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ, ಗೋಧಿ ಹತ್ತಿರಕ್ಕೂ ಬರಲ್ಲ. ಈ ವಯಸ್ಸಲ್ಲಿ ದಿನಕ್ಕೆ ಬೇಕಾಗೋದು 1000ದಿಂದ 1200 ಮಿಲಿಗ್ರಾಂ. ಒಂದು ಮುದ್ದೆ, ಎರಡು ಲೋಟ ಹಾಲು ಅಥವಾ ಮೊಸರು, ನುಗ್ಗೆಸೊಪ್ಪಿನ ಪಲ್ಯ, ಒಂದಿಷ್ಟು ಎಳ್ಳು ಚಟ್ನಿಪುಡಿ ಇದ್ರೆ ಹತ್ತಿರ ಹತ್ತಿರ ಬರುತ್ತೆ. ತೊಂದರೆ ಏನಂದ್ರೆ ಎಲ್ಲರಿಗೂ ಹಾಲು ಹಾಕಿ, ತಳದಲ್ಲಿ ಉಳಿದಿದ್ದಕ್ಕೆ ನೀರು ಸೇರಿಸಿ ಅಮ್ಮ ಕಾಫಿ ಮಾಡ್ಕೊಳ್ತಾರೆ. ಕಾಳು, ಬೇಳೆ, ಮೊಟ್ಟೆಯ ಪ್ರೋಟೀನ್ ಕೂಡ ಅಷ್ಟೇ ಮುಖ್ಯ, ಸ್ನಾಯು ಉಳಿದ್ರೆ ಬೀಳೋದು ಕಡಿಮೆ.

ಮಾತ್ರೆ ತಗೊಳ್ತಿದ್ರೆ ಎರಡು ಸೂಕ್ಷ್ಮ. ಕ್ಯಾಲ್ಸಿಯಂ ಮಾತ್ರೆಯನ್ನ ಥೈರಾಯ್ಡ್ ಮಾತ್ರೆ ಜೊತೆ ನುಂಗಬಾರದು, ನಾಲ್ಕು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯೂ ಕ್ಯಾಲ್ಸಿಯಂ ಜೊತೆ ಬೇಡ. ಇನ್ನು ವಿಟಮಿನ್ ಡಿ 60,000 ಯೂನಿಟ್‌ನ ವಾರದ ಮಾತ್ರೆ ಡಾಕ್ಟರ್ ಹೇಳಿದಷ್ಟು ವಾರ ಮಾತ್ರ. ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಕೊಡ್ತಾರೆ ಅಂತ ವರ್ಷಾನುಗಟ್ಟಲೆ ನುಂಗಿದ್ರೆ ಅದೇ ವಿಷ ಆಗಬಹುದು.

ವ್ಯಾಯಾಮ ಅಂದ್ರೆ 'ಮನೆಕೆಲಸ ಮಾಡ್ತೀನಲ್ಲ' ಅನ್ನೋ ಉತ್ತರ ಗ್ಯಾರಂಟಿ. ಮನೆಕೆಲಸ ದಣಿವು ಕೊಡುತ್ತೆ, ಮೂಳೆಗೆ ಬೇಕಾದ ಒತ್ತಡವನ್ನ ಸರಿಯಾಗಿ ಕೊಡಲ್ಲ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ವಾರದಲ್ಲಿ ಎರಡು ದಿನ ತೂಕ ಎತ್ತೋ ವ್ಯಾಯಾಮ, ಇದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಡಂಬೆಲ್ ಬೇಕಿಲ್ಲ. ಒಂದು ಲೀಟರ್ ನೀರಿನ ಬಾಟಲ್ ಎರಡು ಕೈಯಲ್ಲಿ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರೋದು, ಮೆಟ್ಟಿಲು ಹತ್ತೋದು. ಇಷ್ಟರಿಂದ ಶುರು ಮಾಡಬಹುದು.

ಹೃದಯದ ಮಾತು. ಮೆನೋಪಾಸ್‌ವರೆಗೂ ಹೆಣ್ಣುಮಕ್ಕಳಿಗೆ ಹೃದ್ರೋಗದಿಂದ ಒಂದು ಮಟ್ಟದ ರಕ್ಷಣೆ ಇರುತ್ತೆ. ಆಮೇಲೆ ಕೆಟ್ಟ ಕೊಲೆಸ್ಟ್ರಾಲ್, ಬಿಪಿ ಏರೋಕೆ ಶುರು. ಅಪ್ಪನಿಗೆ ವರ್ಷಕ್ಕೊಮ್ಮೆ ಇಸಿಜಿ, ಲಿಪಿಡ್ ಟೆಸ್ಟ್ ಮಾಡಿಸೋ ನಾವು ಅಮ್ಮನಿಗೂ ಮಾಡಿಸಬೇಕು. ಹೆಂಗಸರಲ್ಲಿ ಹೃದಯಾಘಾತ ಸಿನಿಮಾದಲ್ಲಿ ತೋರಿಸೋ ಹಾಗೆ ಎದೆ ಹಿಡ್ಕೊಂಡೇ ಬರಬೇಕಿಲ್ಲ. ಉಸಿರು ಕಟ್ಟೋದು, ದವಡೆ, ಬೆನ್ನು ನೋವು, ವಿಪರೀತ ಸುಸ್ತು, ವಾಕರಿಕೆಯಾಗಿಯೂ ಬರುತ್ತೆ. ಅದನ್ನ ಗ್ಯಾಸ್ ಅಂತ ಸೋಡಾ ಕುಡಿಸಿ ಮಲಗಿಸಬೇಡಿ.

ಚಿಕಿತ್ಸೆ ಇದೆಯಾ?

ಇದೆ. ಹಾಟ್ ಫ್ಲಾಶ್‌ಗೆ ಅತ್ಯಂತ ಪರಿಣಾಮಕಾರಿ ಚಿಕಿತ್ಸೆ ಹಾರ್ಮೋನ್ ಚಿಕಿತ್ಸೆ, ಅಂದ್ರೆ ಎಚ್‌ಆರ್‌ಟಿ. ಮಾತ್ರೆ, ಜೆಲ್, ಪಟ್ಟಿಯ ರೂಪದಲ್ಲಿ ಸಿಗುತ್ತೆ. 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅನ್ನೋ ದೊಡ್ಡ ಅಧ್ಯಯನದ ಒಂದು ಭಾಗವನ್ನ ಅರ್ಧಕ್ಕೇ ನಿಲ್ಲಿಸಿದರು, 'ಹಾರ್ಮೋನ್ ತಗೊಂಡ್ರೆ ಸ್ತನ ಕ್ಯಾನ್ಸರ್' ಅನ್ನೋ ಸುದ್ದಿ ಜಗತ್ತೆಲ್ಲಾ ಹಬ್ಬಿತು. ಲೆಕ್ಕ ನೋಡಿದ್ರೆ ಅದು ವರ್ಷಕ್ಕೆ 10,000 ಮಹಿಳೆಯರಲ್ಲಿ ಸುಮಾರು 8 ಹೆಚ್ಚುವರಿ ಪ್ರಕರಣ. ಆ ಅಧ್ಯಯನದಲ್ಲಿ ಇದ್ದವರ ಸರಾಸರಿ ವಯಸ್ಸು 63. ಆಮೇಲೆ ಅದೇ ಮಾಹಿತಿಯನ್ನ ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ ಚಿತ್ರ ಬದಲಾಯ್ತು. ಅರವತ್ತರೊಳಗಿನವರಿಗೆ, ಅಥವಾ ಮೆನೋಪಾಸ್ ಆಗಿ ಹತ್ತು ವರ್ಷದೊಳಗೆ ಇರೋರಿಗೆ, ಬೇರೆ ಅಡ್ಡಿ ಇಲ್ಲದಿದ್ರೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು ಅನ್ನೋದು ಈಗಿನ ತಜ್ಞರ ನಿಲುವು.

ಎಲ್ಲರಿಗೂ ಅಲ್ಲ. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟೋ ತೊಂದರೆ, ಪಾರ್ಶ್ವವಾಯು, ಹೃದಯಾಘಾತ, ಲಿವರ್ ಕಾಯಿಲೆ ಇದ್ದವರು, ಕಾರಣ ತಿಳಿಯದ ರಕ್ತಸ್ರಾವ ಇರೋರಿಗೆ ಸಾಮಾನ್ಯವಾಗಿ ಕೊಡಲ್ಲ. ಗರ್ಭಕೋಶ ಇದ್ದವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಸೇರಲೇಬೇಕು. ಪಕ್ಕದ ಮನೆಯವರ ಚೀಟಿ ತೋರಿಸಿ ತರೋ ಔಷಧ ಇದಲ್ಲ.

ಹಾರ್ಮೋನ್ ಬೇಡ ಅನ್ನೋರಿಗೆ ಬೇರೆ ದಾರಿಗಳಿವೆ. ಖಿನ್ನತೆಗೆ ಕೊಡೋ ಕೆಲವು ಮಾತ್ರೆಗಳು ಕಡಿಮೆ ಪ್ರಮಾಣದಲ್ಲಿ ಹಾಟ್ ಫ್ಲಾಶ್ ತಗ್ಗಿಸ್ತವೆ. ಅಮ್ಮನ ಚೀಟಿಯಲ್ಲಿ ಅಂಥ ಹೆಸರು ಕಂಡು, ಗೂಗಲ್ ಮಾಡಿ, 'ನಿನಗೆ ಹುಚ್ಚಿನ ಮಾತ್ರೆ ಕೊಟ್ಟಿದ್ದಾರೆ' ಅಂತ ನಿಲ್ಲಿಸಬೇಡಿ, ಯಾಕೆ ಕೊಟ್ಟಿದ್ದು ಅಂತ ಡಾಕ್ಟರನ್ನ ಕೇಳಿ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅನ್ನೋ ಮಾತಿನ ಚಿಕಿತ್ಸೆ ನಿದ್ದೆಗೂ ಹಾಟ್ ಫ್ಲಾಶ್‌ನ ಕಿರಿಕಿರಿಗೂ ಕೆಲಸ ಮಾಡುತ್ತೆ. ಮೆದುಳಿನ ಆ ಥರ್ಮೋಸ್ಟಾಟ್ ಮೇಲೇ ಕೆಲಸ ಮಾಡೋ ಫೆಜೊಲಿನೆಟಂಟ್ ಅನ್ನೋ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಹತ್ತಿ ಬಟ್ಟೆ, ಮಲಗೋ ಕೋಣೆಯಲ್ಲಿ ಗಾಳಿ, ಸಂಜೆ ಮೇಲೆ ಕಾಫಿ, ಖಾರ ಕಡಿಮೆ ಮಾಡೋದು, ಇವುಗಳಿಂದಲೂ ಕೆಲವರಿಗೆ ಹಾಯೆನಿಸುತ್ತೆ. ಇನ್‌ಸ್ಟಾದಲ್ಲಿ ಬರೋ 'ಹಾರ್ಮೋನ್ ಬ್ಯಾಲೆನ್ಸ್' ಪುಡಿಗಳಿಗೆ ದುಡ್ಡು ಸುರಿಯೋ ಮೊದಲು ಒಂದು ಸಲ ಯೋಚಿಸಿ, ಅದೇ ದುಡ್ಡಲ್ಲಿ ಡೆಕ್ಸಾ ಸ್ಕ್ಯಾನ್ ಆಗಬಹುದು.

ಮಗ ಕೇಳೋ ವಿಷಯಾನಾ ಇದು?

ನಾನು ಗಂಡುಮಗ. ಅಮ್ಮನ ಹತ್ರ ಮೊದಲ ಸಲ ಇದನ್ನ ಕೇಳಿದಾಗ ಅವರು 'ಅದೆಲ್ಲಾ ನಿನಗ್ಯಾಕೆ' ಅಂತ ಫೋನನ್ನ ಅಪ್ಪನಿಗೆ ಕೊಟ್ಟರು. ಮುಟ್ಟು ಅನ್ನೋ ಪದದಿಂದ ಶುರು ಮಾಡಿದ್ರೆ ಬಾಗಿಲು ಮುಚ್ಚುತ್ತೆ ಅಂತ ಗೊತ್ತಾಯ್ತು. ನಿದ್ದೆಯಿಂದ ಶುರು ಮಾಡಿದೆ. ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ? ಎದ್ದಾಗ ಬೆವರು ಇರುತ್ತಾ? ಮಂಡಿ ಹೇಗಿದೆ? ಎರಡನೇ ಕಾಲ್‌ಗೆ ಅವರೇ ಮಾತಾಡಿದರು, ಹದಿನೆಂಟು ನಿಮಿಷ. ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಚುಕ್ಕೆ ಇಡಿ ಅಂದೆ, ಬಿಸಿ ಏರಿದ ದಿನಕ್ಕೆ ಒಂದು, ರಾತ್ರಿ ಎದ್ದರೆ ಎರಡು. ಎರಡು ತಿಂಗಳ ಆ ಚುಕ್ಕೆಗಳನ್ನ ಫೋಟೋ ತೆಗೆದು ತೋರಿಸಿದಾಗ ಡಾಕ್ಟರಿಗೂ ಮಾತಾಡೋಕೆ ಒಂದು ಆಧಾರ ಸಿಕ್ತು.

ಅಪ್ಪಂದಿರಿಗೂ ಇದನ್ನ ಹೇಳಬೇಕು, ಅದು ಇನ್ನೂ ಕಷ್ಟ. 'ಇತ್ತೀಚೆಗೆ ನಿಮ್ಮಮ್ಮ ಸಿಡಿಸಿಡಿ ಅಂತಾಳೆ' ಅಂತ ಅವರು ದೂರೋದೇ ಒಳ್ಳೆ ಅವಕಾಶ. ಮೂರು ಗಂಟೆಗೆ ಎಚ್ಚರಾದವರು ಐದೂವರೆಗೆ ಎದ್ದು ಡಿಕಾಕ್ಷನ್ ಹಾಕಬೇಕಂದ್ರೆ ಯಾರಾದ್ರೂ ಸಿಡಿಯುತ್ತಾರೆ. ಬೆಳಗಿನ ಕಾಫಿ ಅಪ್ಪ ಮಾಡಬಹುದು. ನಮ್ಮ ಮನೆಯಲ್ಲಿ ಈಗ ವಾರಕ್ಕೆ ನಾಲ್ಕು ದಿನ ಮಾಡ್ತಾರೆ, ಸಕ್ಕರೆ ಮಾತ್ರ ಜಾಸ್ತಿ.

ಮೂವತ್ತರಲ್ಲಿ ಇರೋರಿಗೆ

ಓದ್ತಾ ಇರೋ ಹೆಣ್ಣುಮಕ್ಕಳಿಗೆ ಒಂದು ಮಾತು. ನಿಮ್ಮ ಅಮ್ಮನಿಗೆ ಯಾವ ವಯಸ್ಸಲ್ಲಿ ಮುಟ್ಟು ನಿಂತಿತು ಅಂತ ಕೇಳಿಟ್ಕೊಳ್ಳಿ. ನಿಮಗೆ ಯಾವಾಗ ಅನ್ನೋದಕ್ಕೆ ಅದು ಒಳ್ಳೆ ಸುಳಿವು, ಮಕ್ಕಳ ಪ್ಲಾನ್ ಮುಂದೂಡೋ ಲೆಕ್ಕಕ್ಕೂ ಬೇಕಾಗುತ್ತೆ. ಸಿಗರೇಟ್ ಸೇದೋರಿಗೆ ಮೆನೋಪಾಸ್ ಒಂದೆರಡು ವರ್ಷ ಬೇಗ ಬರುತ್ತೆ. ಮೂಳೆಯ ದಾಸ್ತಾನು ತುಂಬೋದು ಸುಮಾರು ಮೂವತ್ತರವರೆಗೆ ಮಾತ್ರ, ಆಮೇಲೆ ಇರೋದನ್ನ ಉಳಿಸ್ಕೊಳ್ಳೋದು. ಬಿಸಿಲು ಕಾಣದ ಆಫೀಸು, ಸ್ವಿಗ್ಗಿ ಊಟ, ಕೂತಲ್ಲೇ ಹತ್ತು ಗಂಟೆ, ಇವೆಲ್ಲಾ ಆ ಉಳಿತಾಯ ಖಾತೆಯಿಂದ ಆಗೋ ಡೆಬಿಟ್‌ಗಳು.

ಕಂಪನಿ ಕೊಡೋ ಪೇರೆಂಟ್ಸ್ ಹೆಲ್ತ್ ಚೆಕಪ್ ಪ್ಯಾಕೇಜ್ ತೆಗೆದು ನೋಡಿ. ಅರವತ್ತು ಟೆಸ್ಟ್, ಎಪ್ಪತ್ತು ಟೆಸ್ಟ್ ಅಂತ ಇರುತ್ತೆ, ಬಹಳ ಸಲ ಡೆಕ್ಸಾ ಇರಲ್ಲ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇರಲ್ಲ, ಮ್ಯಾಮೊಗ್ರಾಮ್ ಇರಲ್ಲ, ಸ್ತ್ರೀರೋಗ ತಜ್ಞರ ಜೊತೆ ಮಾತುಕತೆ ಇರಲ್ಲ. ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಸೇರಿಸೋಕೆ ಕೇಳಬಹುದು. ಒಬ್ಬರು ಕೇಳಿದ್ರೆ ಆಗದೇ ಇರಬಹುದು, ಟೀಮಲ್ಲಿ ಹತ್ತು ಜನ ಕೇಳಿದ್ರೆ ರಿನ್ಯೂವಲ್ ಹೊತ್ತಿಗೆ ಪಟ್ಟಿಗೆ ಬರುತ್ತೆ. ಅಷ್ಟರವರೆಗೆ ಕಾಯೋದು ಬೇಡ. ಮುಂದಿನ ಲಾಂಗ್ ವೀಕೆಂಡ್‌ಗೆ ಊರಿಗೆ ಟಿಕೆಟ್ ಬುಕ್ ಮಾಡುವಾಗಲೇ ಶನಿವಾರ ಬೆಳಗ್ಗೆಗೆ ಅಮ್ಮನಿಗೊಂದು ಅಪಾಯಿಂಟ್‌ಮೆಂಟೂ ಬುಕ್ ಮಾಡಿ. ಹಳೇ ರಿಪೋರ್ಟ್‌ಗಳೆಲ್ಲಾ ಗಾಡ್ರೆಜ್ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಒಂದು ಪ್ಲಾಸ್ಟಿಕ್ ಕವರಲ್ಲಿ ಇರ್ತವೆ. ಹೊರಡೋ ಮುಂಚೆ ಅದನ್ನ ಮರೆಯದೆ ಎತ್ಕೊಳ್ಳಿ.